ಬೀರುವಿನೊಳಗೆ ಮೈಕ್ರೋಸ್ಕೋಪು, ಹೊರಗೆ ಮಕ್ಕಳು

ಪಿಯುಸಿ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತೆಂದರೆ ಬಸ್‌ಸ್ಟ್ಯಾಂಡ್ ಆಸುಪಾಸಿನ ಪುಸ್ತಕದಂಗಡಿ, ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ರೆಕಾರ್ಡು ಬುಕ್ಕು, ಪೆನ್ಸಿಲ್ಲು, ರಬ್ಬರು, ಬ್ರೌನ್ ಪೇಪರು, ಎಲ್ಲಕ್ಕೂ ಗಿರಾಕಿ. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕ ಹುಡುಗಿ ತೊಡೆಯ ಮೇಲೆ ರೆಕಾರ್ಡು ಇಟ್ಟುಕೊಂಡು ಪಕ್ಕದವಳದನ್ನು ನೋಡಿ ಚಿತ್ರ ಇಳಿಸುತ್ತಾಳೆ. ಪಕ್ಕದವಳು ಹೋದ ವರ್ಷದ ಸೀನಿಯರ್ ರೆಕಾರ್ಡು ನೋಡಿ ಇಳಿಸಿದ್ದು. ಆ ಸೀನಿಯರ್ ಗೈಡು ನೋಡಿ ಇಳಿಸಿದ್ದು. ಹೀಗೆ ಈರುಳ್ಳಿ ಬೇರಿನ ಜೀವಕೋಶವೊಂದು ಯಾರ ಕಣ್ಣಿಗೂ ಬೀಳದೆ ಮೂರು ರೆಕಾರ್ಡು ದಾಟಿ, ಮೂರು ಸಲ ಸಹಿ ಹಾಕಿಸಿಕೊಂಡು, ಮೂರು ಸಲ ಪಾಸಾಗುತ್ತದೆ!

ಲೆಕ್ಕ ನೋಡಿ. ದ್ವಿತೀಯ ಪಿಯುಸಿ ಜೀವಶಾಸ್ತ್ರಕ್ಕೆ 100 ಅಂಕ. ಅದರಲ್ಲಿ 70 ಬರವಣಿಗೆಗೆ, 30 ಪ್ರಾಕ್ಟಿಕಲ್ಲಿಗೆ. ನೂರಕ್ಕೆ ಮೂವತ್ತು ಪಾಲು ಕೈಕೆಲಸಕ್ಕೆ ಎಂದು ಸರ್ಕಾರವೇ ಬರೆದಿಟ್ಟಿದೆ. ಅತ್ತ ನೀಟ್ ಪರೀಕ್ಷೆಯ 720 ಅಂಕದಲ್ಲಿ ಅರ್ಧಕ್ಕರ್ಧ, ಅಂದರೆ 360, ಜೀವಶಾಸ್ತ್ರದ್ದೇ. ಆದರೆ ಅಲ್ಲಿ ಗುಂಡು ತುಂಬಿ ಬರುವುದಷ್ಟೇ ಕೆಲಸ. ಮೈಕ್ರೋಸ್ಕೋಪಿನ ಸ್ಕ್ರೂ ತಿರುಗಿಸಲು ಬರುತ್ತದಾ ಎಂದು ಯಾರೂ ಕೇಳುವುದಿಲ್ಲ. ಕೇಳದ ಮೇಲೆ ಕಲಿಸುವುದೇಕೆ ಎನ್ನುವುದು ಹಲವು ಕಡೆಯ ಧೋರಣೆ. ಹೀಗಾಗಿ ಲ್ಯಾಬಿನ ಅವಧಿ ಟೆಸ್ಟಿಗೆ ಹೋಯಿತು, ಬೀರುವಿಗೆ ಬೀಗ ಬಿತ್ತು, ಕೀ ಎಲ್ಲಿದೆ ಎಂದರೆ ಅಟೆಂಡರ್ ರಜೆ.

ಎಲ್ಲ ಕಾಲೇಜೂ ಹೀಗೆ ಎಂದು ನಾವು ಹೇಳುತ್ತಿಲ್ಲ. ಸ್ವಂತ ಕಾಸಿನಲ್ಲಿ ಈರುಳ್ಳಿ ತಂದು, ರಾತ್ರಿಯೇ ಬೇರು ಬರಿಸಲು ಇಟ್ಟು, ಒಬ್ಬೊಬ್ಬರನ್ನೇ ಕರೆದು ತೋರಿಸುವ ಲೆಕ್ಚರರುಗಳೂ ಇದ್ದಾರೆ. ಅವರಿಗೆ ನಮಸ್ಕಾರ. ಈ ಲೇಖನ ಉಳಿದವರಿಗಾಗಿ. ಜೊತೆಗೆ, ಫೀಸು ಕಟ್ಟುವ ನಮಗೂ ನಿಮಗೂ.

ನಮಗೇನ್ರೀ ಸಂಬಂಧ?

ಅಂಗಡಿ ಗಲ್ಲಾದ ಮೇಲೆ ಕೂತವರು ಕೇಳಬಹುದು: ಮೈಕ್ರೋಸ್ಕೋಪಿಗೂ ನನಗೂ ಏನು ಸಂಬಂಧ?

ಇದೆ ಸ್ವಾಮಿ. ನಾಳೆ ನಿಮಗೆ ಚಳಿಜ್ವರ ಬಂದು ಆಸ್ಪತ್ರೆಗೆ ಹೋದರೆ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರುತ್ತಾರೆ. ಅದನ್ನು ಬಣ್ಣದಲ್ಲಿ ಅದ್ದಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಮಲೇರಿಯಾ ಇದೆ ಅಥವಾ ಇಲ್ಲ ಎಂದು ಬರೆಯುವವರು ಡಾಕ್ಟರಲ್ಲ, ಲ್ಯಾಬ್ ಟೆಕ್ನೀಷಿಯನ್. ಆತ ಅಥವಾ ಆಕೆ ನಾಲ್ಕೈದು ವರ್ಷದ ಹಿಂದೆ ಇದೇ ಬಸ್ಸಿನಲ್ಲಿ ರೆಕಾರ್ಡು ಇಳಿಸುತ್ತ ಕೂತಿದ್ದ ಹುಡುಗ, ಹುಡುಗಿ. ಕಫದಲ್ಲಿ ಕ್ಷಯದ ಕ್ರಿಮಿ ಹುಡುಕುವುದೂ, ಮೂತ್ರದಲ್ಲಿ ಸಕ್ಕರೆ ನೋಡುವುದೂ ಅದೇ ಕೈ, ಅದೇ ಕಣ್ಣು. ಈಗ ಎಷ್ಟೋ ಯಂತ್ರಗಳು ಬಂದಿವೆ ನಿಜ. ಆದರೆ ಶೀಷೆಯ ಮೇಲೆ ಸರಿಯಾದ ಹೆಸರು ಅಂಟಿಸುವ ಅಭ್ಯಾಸವನ್ನು ಯಾವ ಯಂತ್ರವೂ ಕಲಿಸುವುದಿಲ್ಲ. ಅದನ್ನು ಕಲಿಯುವ ಜಾಗ ಕಾಲೇಜಿನ ಲ್ಯಾಬು.

ಮಲೇರಿಯಾದ ಕಥೆಯನ್ನೇ ತೆಗೆದುಕೊಳ್ಳಿ. ರೊನಾಲ್ಡ್ ರಾಸ್ ಎಂಬ ಸೈನ್ಯದ ಡಾಕ್ಟರು 1895ರಲ್ಲಿ ಕಾಲರಾ ಹತೋಟಿ ಕೆಲಸಕ್ಕೆಂದು ಬೆಂಗಳೂರಿಗೂ ಬಂದಿದ್ದವರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ನೋಡುತ್ತಿದ್ದಾಗ ಮಲೇರಿಯಾ ಪರೋಪಜೀವಿಯ ಗುಳ್ಳೆಗಳು ಅವರ ಕಣ್ಣಿಗೆ ಬಿದ್ದವು. ಬೆವರು ಸುರಿದು ಸುರಿದು ಅವರ ಮೈಕ್ರೋಸ್ಕೋಪಿನ ಸ್ಕ್ರೂಗಳು ತುಕ್ಕು ಹಿಡಿದಿದ್ದವು, ಕಣ್ಣಿನ ಮಸೂರ ಬಿರುಕು ಬಿಟ್ಟಿತ್ತು. ಪಂಖಾ ಬೀಸಿಸಿಕೊಳ್ಳುವಂತಿಲ್ಲ, ಸೊಳ್ಳೆಯ ಚೂರುಗಳು ಹಾರಿಹೋಗುತ್ತವೆ! ಅಂಥ ಉಪಕರಣದಲ್ಲಿ ಮಾಡಿದ ಕೆಲಸಕ್ಕೆ 1902ರಲ್ಲಿ ನೊಬೆಲ್ ಬಂತು. ನಮ್ಮ ಬೀರುಗಳಲ್ಲಿ ಇದಕ್ಕಿಂತ ಒಳ್ಳೆಯ ಮೈಕ್ರೋಸ್ಕೋಪುಗಳು ಕೂತಿವೆ.

ಬಟ್ಟೆ ವ್ಯಾಪಾರಿಯ ಕಣ್ಣು

ಇನ್ನೊಂದು ಮಾತು ವ್ಯಾಪಾರಸ್ಥರಿಗೆ ಖುಷಿ ಕೊಡಬಹುದು. ಮೊಟ್ಟಮೊದಲು ಸೂಕ್ಷ್ಮಜೀವಿಗಳನ್ನು ಕಂಡವನು ಪ್ರೊಫೆಸರ್ ಅಲ್ಲ, ಬಟ್ಟೆ ಅಂಗಡಿಯವನು! ಹಾಲೆಂಡ್ ದೇಶದ ಡೆಲ್ಫ್ಟ್ ಊರಿನ ಆಂಟೊನಿ ವಾನ್ ಲೇವೆನ್‌ಹುಕ್. ಆ ಕಾಲದ ಬಟ್ಟೆ ವ್ಯಾಪಾರಿಗಳು ನೂಲಿನ ನೇಯ್ಗೆ ಪರೀಕ್ಷಿಸಲು ಮಸೂರ ಹಿಡಿದು ನೋಡುತ್ತಿದ್ದರು. ಈತ ತಾನೇ ಮಸೂರ ಉಜ್ಜಿ ಮಾಡಲು ಶುರುಮಾಡಿದ. ಅವನ ಉಳಿದಿರುವ ಮಸೂರಗಳಲ್ಲಿ ಒಂದು ಸುಮಾರು 270 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. 1670ರ ದಶಕದಲ್ಲಿ ಕೆರೆ ನೀರಿನ ಹನಿಯಲ್ಲಿ ಓಡಾಡುವ ಜೀವಿಗಳನ್ನು ಕಂಡ. 1683ರಲ್ಲಿ ತನ್ನ ಹಲ್ಲಿನ ಸಂದಿಯ ಕೊಳೆಯನ್ನೇ ಕೆರೆದು ನೋಡಿ ಬ್ಯಾಕ್ಟೀರಿಯಾಗಳ ವರ್ಣನೆ ಬರೆದ. ಅವನಿಗೆ ಪಂಡಿತರ ಭಾಷೆಯಾದ ಲ್ಯಾಟಿನ್ ಬರುತ್ತಿರಲಿಲ್ಲ. ತನ್ನ ಡಚ್ ಭಾಷೆಯಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆಯುತ್ತಿದ್ದ. 1680ರಲ್ಲಿ ಅವರು ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡರು.

ಕನ್ನಡ ಮೀಡಿಯಂನಲ್ಲಿ ಓದಿ ಬಂದ ಮಕ್ಕಳು ಲ್ಯಾಬಿನಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರಲ್ಲ, ಅವರಿಗೆ ಈ ಕಥೆ ಹೇಳಬೇಕು.

ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲೇ ಬೆಂಡಿನ ತೆಳು ಚೂರು ನೋಡಿ ಅದರಲ್ಲಿ ಕಂಡ ಸಣ್ಣ ಗೂಡುಗಳಿಗೆ ಸೆಲ್ ಎಂದು ಹೆಸರಿಟ್ಟಿದ್ದ. ನಾವು ಜೀವಕೋಶ ಎನ್ನುವುದು ಅದನ್ನೇ.

ಮೊದಲ ಪಾಠ: ನೋಡಲು ಕಲಿಯುವುದು

ನೋಡುವುದನ್ನೇನು ಕಲಿಯುವುದು ಎನ್ನಬೇಡಿ. ಸೈಕಲ್ ತುಳಿಯುವ ಹಾಗೆ ಇದೂ ಅಭ್ಯಾಸವೇ.

ಮೈಕ್ರೋಸ್ಕೋಪನ್ನು ಎರಡು ಕೈಯಲ್ಲಿ ಎತ್ತಬೇಕು: ಒಂದು ಕೈ ಅದರ ತೋಳಿಗೆ, ಇನ್ನೊಂದು ಬುಡಕ್ಕೆ. ಮಸೂರವನ್ನು ಪಂಚೆಯ ತುದಿಯಲ್ಲೋ ದುಪ್ಪಟ್ಟಾದಲ್ಲೋ ಒರೆಸಬಾರದು; ಗೆರೆ ಬೀಳುತ್ತದೆ. ಅದಕ್ಕೇ ಆದ ಲೆನ್ಸ್ ಪೇಪರ್ ಇದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬೀರುವಿನಲ್ಲಿ ಬಿಟ್ಟರೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಹಾಳಾದೀತು ಎಂದು ಬೀಗ ಹಾಕಿಟ್ಟ ವಸ್ತು ಬೀಗದೊಳಗೇ ಹಾಳಾಗುವುದು ಹೀಗೆ.

ಈಗ ಈರುಳ್ಳಿಯ ಒಂದು ಪದರ ಬಿಡಿಸಿ. ಅದರ ಒಳಮೈಯಿಂದ ತೆಳ್ಳಗಿನ ಪೊರೆ ಎಳೆಯಿರಿ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರು, ಅದರ ಮೇಲೆ ಮಡಿಕೆಯಾಗದ ಹಾಗೆ ಪೊರೆ, ಮೇಲೊಂದು ಹನಿ ಅಯೋಡಿನ್. ಕವರ್ ಸ್ಲಿಪ್ ಎಂಬ ತೆಳು ಗಾಜನ್ನು ದೊಪ್ಪೆಂದು ಹಾಕಬಾರದು. ಒಂದು ಅಂಚನ್ನು ನೀರಿಗೆ ತಾಗಿಸಿ, ಸೂಜಿಯ ಆಸರೆಯಲ್ಲಿ ಓರೆಯಾಗಿ ನಿಧಾನಕ್ಕೆ ಇಳಿಸಬೇಕು. ಇಲ್ಲದಿದ್ದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ ಆ ದುಂಡು ಗುಳ್ಳೆಯನ್ನೇ ಜೀವಕೋಶ ಎಂದು ಬರೆದು ಬಾಣ ಹಾಕಿ ಹೆಸರು ಕೊಡುವ ಮಕ್ಕಳು ಉಂಟು!

ಮೊದಲು ಸಣ್ಣ ಮಸೂರ. ಪಕ್ಕದಿಂದ ನೋಡುತ್ತ ಮಸೂರವನ್ನು ಗಾಜಿನ ಹತ್ತಿರಕ್ಕೆ ತನ್ನಿ. ಆಮೇಲೆ ಕಣ್ಣಿಟ್ಟು, ದೊಡ್ಡ ಸ್ಕ್ರೂ ತಿರುಗಿಸುತ್ತ ದೂರ ಸರಿಸಿ. ಉಲ್ಟಾ ಮಾಡಿದರೆ ಗಾಜು ಚಟ್ ಎನ್ನುತ್ತದೆ. ದೊಡ್ಡ ಮಸೂರಕ್ಕೆ ಹೋದ ಮೇಲೆ ಸಣ್ಣ ಸ್ಕ್ರೂ ಮಾತ್ರ. ಕಣ್ಣಿನ ಮಸೂರ 10 ಪಟ್ಟು, ಕೆಳಗಿನದು 10 ಪಟ್ಟು ಆದರೆ ಒಟ್ಟು 100 ಪಟ್ಟು. ಕೆಳಗಿನದು 45 ಆದರೆ 450. ಕೂಡುವುದಲ್ಲ, ಗುಣಿಸುವುದು.

ಇಟ್ಟಿಗೆ ಗೋಡೆಯ ಹಾಗೆ ಸಾಲು ಸಾಲಾಗಿ ಕೋಶಗಳು, ಪ್ರತಿಯೊಂದರಲ್ಲೂ ಒಂದು ಹಳದಿ-ಕಂದು ಚುಕ್ಕೆ. ಆ ಚುಕ್ಕೆಯೇ ಕೋಶಕೇಂದ್ರ. ಅಡುಗೆಮನೆಯ ಈರುಳ್ಳಿ ಇದೇನಾ ಎಂದು ಮಕ್ಕಳು ಬಾಯಿ ಬಿಟ್ಟು ನಿಲ್ಲುವುದು ಆಗಲೇ.

ಇನ್ನೊಂದು ತಮಾಷೆ. ಈ ಪತ್ರಿಕೆಯ ಜಾಹೀರಾತಿನಿಂದ ಅತಿ ಚಿಕ್ಕದೊಂದು ಅಕ್ಷರ ಕತ್ತರಿಸಿ ಮೈಕ್ರೋಸ್ಕೋಪಿನ ಕೆಳಗೆ ಇಡಿ. ಅಕ್ಷರ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ಪಟ್ಟಿಯನ್ನು ಬಲಕ್ಕೆ ತಳ್ಳಿದರೆ ಚಿತ್ರ ಎಡಕ್ಕೆ ಓಡುತ್ತದೆ. ಗೈಡು ನೋಡಿ ಓದಿದವನಿಗೂ ಕೈಯಾರೆ ಮಾಡಿದವನಿಗೂ ಇರುವ ವ್ಯತ್ಯಾಸ ತಿಳಿಯಲು ಈ ಒಂದು ಪ್ರಶ್ನೆ ಸಾಕು: ಬಲಕ್ಕೆ ತಳ್ಳಿದರೆ ಎತ್ತ ಹೋಗುತ್ತದಪ್ಪಾ?

ಎರಡನೆಯದು: ಖಾಲಿ ತಕ್ಕಡಿ

ದಿನಸಿ ಅಂಗಡಿಯವರು ಸಾಮಾನು ಹಾಕುವ ಮೊದಲು ಖಾಲಿ ತಕ್ಕಡಿಯ ಮುಳ್ಳು ನೋಡುತ್ತಾರೆ. ಎಲೆಕ್ಟ್ರಾನಿಕ್ ಆದರೆ ಸೊನ್ನೆ ತೋರಿಸುತ್ತದಾ ಎಂದು ನೋಡುತ್ತಾರೆ. ಲ್ಯಾಬಿನಲ್ಲೂ ಅಷ್ಟೇ. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ.

ಮನೆಯಲ್ಲೇ ಮಾಡಿ ನೋಡಿ. ಅನ್ನದ ಗಂಜಿ ತಿಳಿಯನ್ನು ಚೆನ್ನಾಗಿ ನೀರು ಮಾಡಿ, ಉಗುರು ಬೆಚ್ಚಗಿರುವಾಗ ಮೂರು ಲೋಟಕ್ಕೆ ಸಮನಾಗಿ ಹಾಕಿ. ಒಂದಕ್ಕೆ ಒಂದಿಷ್ಟು ಎಂಜಲು. ಎರಡನೆಯದಕ್ಕೆ ಅಷ್ಟೇ ಎಂಜಲನ್ನು ಕುದಿಸಿ ಆರಿಸಿ ಹಾಕಿ. ಮೂರನೆಯದಕ್ಕೆ ಅಷ್ಟೇ ಬರೀ ನೀರು. ಹದಿನೈದು ನಿಮಿಷ ಬಿಟ್ಟು ಮೂರಕ್ಕೂ ಒಂದೊಂದು ಹನಿ ಟಿಂಕ್ಚರ್ ಅಯೋಡಿನ್ ಹಾಕಿ. ಬರೀ ನೀರು ಹಾಕಿದ್ದು ನೀಲಿ-ಕಪ್ಪಾಗುತ್ತದೆ, ಅಂದರೆ ಪಿಷ್ಟ ಹಾಗೇ ಇದೆ. ಹಸಿ ಎಂಜಲು ಹಾಕಿದ್ದರಲ್ಲಿ ನೀಲಿ ಕಡಿಮೆ, ಇಲ್ಲವೇ ಬರುವುದೇ ಇಲ್ಲ. ಎಂಜಲಿನ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿದೆ. ಕುದಿಸಿದ ಎಂಜಲಿನದು ಮತ್ತೆ ನೀಲಿ. ಬಿಸಿಗೆ ಕಿಣ್ವ ಕೆಟ್ಟಿತು.

ಮೂರು ಲೋಟದಲ್ಲಿ ಒಂದೊಂದೇ ಸಂಗತಿ ಬೇರೆ, ಉಳಿದದ್ದೆಲ್ಲ ಒಂದೇ. ಹಾಗಿದ್ದರೆ ಮಾತ್ರ ಯಾವುದರಿಂದ ಏನಾಯಿತು ಎಂದು ಹೇಳಬಹುದು. ಹಾಲಿಗೆ ಹಿಟ್ಟು ಬೆರೆಸಿದ್ದಾರಾ ಎಂದು ನೋಡುವುದೂ ಇದೇ ಅಯೋಡಿನ್ನಿನಿಂದಲೇ. ಹಾಲು ಕಾಯಿಸಿ ಆರಿಸಿ ಎರಡು ಮೂರು ಹನಿ ಹಾಕಿದರೆ, ಪಿಷ್ಟ ಇದ್ದಲ್ಲಿ ನೀಲಿ. ಪಕ್ಕದಲ್ಲಿ ಕಣ್ಣೆದುರೇ ಕರೆದ ಹಾಲಿನ ಇನ್ನೊಂದು ಲೋಟ ಇಟ್ಟುಕೊಂಡು ಹೋಲಿಸಿ ನೋಡಿ, ಆಮೇಲೆ ಹಾಲಿನವನ ಜೊತೆ ಜಗಳಕ್ಕೆ ಹೋಗಿ. ಅಯೋಡಿನ್ ಹಾಕಿದ ಹಾಲನ್ನು ಚೆಲ್ಲಿಬಿಡಬೇಕು, ಕುಡಿಯುವುದಕ್ಕಲ್ಲ.

ಸೊಪ್ಪಿನಮ್ಮನ ವಿಜ್ಞಾನ

ಬಾಡಿದ ಕೊತ್ತಂಬರಿ ಕಟ್ಟಿನ ಬುಡವನ್ನು ನೀರಿನಲ್ಲಿ ನಿಲ್ಲಿಸಿದರೆ ಮತ್ತೆ ತಲೆ ಎತ್ತುತ್ತದೆ. ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವುದರೊಳಗೆ ಭರಣಿಯಲ್ಲಿ ನೀರು ನಿಲ್ಲುತ್ತದೆ. ಸಂತೆಯ ಸೊಪ್ಪಿನಮ್ಮನಿಗೂ ಉಪ್ಪಿನಕಾಯಿ ಹಾಕುವ ಅಜ್ಜಿಗೂ ಗೊತ್ತಿರುವ ಇದಕ್ಕೆ ಪುಸ್ತಕದಲ್ಲಿ ಅಭಿಸರಣೆ, ಇಂಗ್ಲಿಷಿನಲ್ಲಿ ಆಸ್ಮಾಸಿಸ್ ಎಂದು ಹೆಸರು. ಕೋಶದ ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ಹೊರಗೆ ಉಪ್ಪು ಹೆಚ್ಚಿದ್ದರೆ ನೀರು ಹೊರಗೆ, ಒಳಗೆ ಹೆಚ್ಚಿದ್ದರೆ ನೀರು ಒಳಗೆ.

ಆಲೂಗಡ್ಡೆಯ ಎರಡು ಸಮ ತುಂಡು ಕತ್ತರಿಸಿ ತೂಗಿ. ಚಿನ್ನದಂಗಡಿಯವರ ತಕ್ಕಡಿ ಸಿಕ್ಕರೆ ಇನ್ನೂ ವಾಸಿ. ಒಂದನ್ನು ಬರೀ ನೀರಿಗೆ, ಇನ್ನೊಂದನ್ನು ಗಟ್ಟಿ ಉಪ್ಪುನೀರಿಗೆ ಹಾಕಿ. ಒಂದೆರಡು ಗಂಟೆ ಬಿಟ್ಟು ಒರೆಸಿ ಮತ್ತೆ ತೂಗಿ. ಒಂದು ಬಿರುಸಾಗಿ ತೂಕ ಏರಿರುತ್ತದೆ, ಇನ್ನೊಂದು ಮೆತ್ತಗಾಗಿ ತೂಕ ಇಳಿದಿರುತ್ತದೆ. ತೂಗಿದ ಅಂಕಿಯನ್ನು ಆಗಲೇ, ಅಲ್ಲೇ ಬರೆದಿಡಬೇಕು. ಮನೆಗೆ ಹೋಗಿ ನೆನಪಿನಿಂದ ಬರೆದ ಅಂಕಿ ಅಂಕಿಯಲ್ಲ.

ಮೂವತ್ತು ವರ್ಷದ ಕಾಪಿ

ಕಂಡದ್ದನ್ನೇ ಬರೆ ಎಂಬುದು ಲ್ಯಾಬಿನ ದೊಡ್ಡ ಕಾನೂನು. ರೆಕಾರ್ಡು ಕಾಪಿ ಹೊಡೆದರೆ ಏನು ಮಹಾ ನಷ್ಟ ಎನ್ನುವವರು ಈ ಕಥೆ ಕೇಳಬೇಕು.

ಮನುಷ್ಯನ ಜೀವಕೋಶದಲ್ಲಿ ಎಷ್ಟು ವರ್ಣತಂತುಗಳಿವೆ? 46. ಇವತ್ತು ಹೈಸ್ಕೂಲು ಹುಡುಗನೂ ಹೇಳುತ್ತಾನೆ. ಆದರೆ 1923ರಲ್ಲಿ ಅಮೆರಿಕದ ಥಿಯೋಫಿಲಸ್ ಪೇಂಟರ್ ಎಂಬ ವಿಜ್ಞಾನಿ 48 ಎಂದು ಪ್ರಕಟಿಸಿದರು. ದೊಡ್ಡವರು ಹೇಳಿದ ಮೇಲೆ ಮುಗಿಯಿತು. ಪುಸ್ತಕಗಳಲ್ಲಿ 48 ಅಚ್ಚಾಯಿತು. ಆಮೇಲೆ ನೋಡಿದವರೆಲ್ಲ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ 48 ಎಂದೇ ಎಣಿಸಿದರು. ಒಂದರ ಮೇಲೊಂದು ಬಿದ್ದ ಎಳೆಗಳಲ್ಲಿ ಕಾಣದ ಎರಡನ್ನು ಕಲ್ಪಿಸಿಕೊಂಡಾದರೂ ಲೆಕ್ಕ ಸರಿಮಾಡಿದರು.

1952ರಲ್ಲಿ ಅಮೆರಿಕದಲ್ಲಿದ್ದ ಟಿ.ಸಿ. ಷು ಎಂಬವರ ಲ್ಯಾಬಿನಲ್ಲಿ ಉಪ್ಪಿನ ದ್ರಾವಣ ಯಾರದೋ ಕೈತಪ್ಪಿ ತೆಳ್ಳಗಾಗಿಬಿಟ್ಟಿತ್ತು. ಆ ದ್ರಾವಣದಲ್ಲಿ ಜೀವಕೋಶಗಳು ನೀರು ಕುಡಿದು ಉಬ್ಬಿ, ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಂಡವು. ನಮ್ಮ ಆಲೂಗಡ್ಡೆಯ ಅಭಿಸರಣೆಯೇ ಇದು! ಅಷ್ಟು ಚೆನ್ನಾಗಿ ಕಂಡರೂ ಷು ಅವರ ಲೆಕ್ಕ 48ನ್ನು ಬಿಟ್ಟು ಕದಲಲಿಲ್ಲ. ಕೊನೆಗೆ 1955ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಜಾವಾ ಮೂಲದ ಜೋ ಹಿನ್ ಟಿಯೊ ಎಂಬವರು ಎಣಿಸಿದರು. ಮತ್ತೆ ಮತ್ತೆ ಎಣಿಸಿದರು. 46. ಆಲ್ಬರ್ಟ್ ಲೆವಾನ್ ಜೊತೆ ಸೇರಿ 1956ರಲ್ಲಿ ಪ್ರಕಟಿಸಿದರು. ಪುಸ್ತಕ ಬದಲಾಯಿತು.

ಮಹಾ ಮಹಾ ವಿಜ್ಞಾನಿಗಳೇ ಪುಸ್ತಕ ನೋಡಿಕೊಂಡು ಎಣಿಸಿದರೆ ಹೀಗಾಗುತ್ತದೆ. ಈರುಳ್ಳಿಯ ಬೇರಿನ ತುದಿಯಲ್ಲಿ 16 ವರ್ಣತಂತು ಎಂದು ಗೈಡಿನಲ್ಲಿದೆ. ನಿಮ್ಮ ಹುಡುಗ 13 ಮಾತ್ರ ಎಣಿಸಿದ್ದರೆ 13 ಎಂದೇ ಬರೆಯಲಿ, ಏಕೆ ಕಡಿಮೆ ಕಂಡಿತು ಎಂದು ಯೋಚಿಸಲಿ. ಆ ಹುಡುಗನಿಗೆ ಕೊಡಿ ಅಂಕ.

ಕೈ ಶುದ್ಧ, ಬಾಯಿ ಭದ್ರ

ಇನ್ನು ಜೋಪಾನದ ಮಾತು. ಪಿಪೆಟ್ಟಿನಲ್ಲಿ ಬಾಯಿಂದ ಎಳೆಯಬಾರದು. ಆಸಿಡ್ಡನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಸಿಡ್ಡಿಗೆ ಹಾಕಬಾರದು. ಸ್ಪಿರಿಟ್ ದೀಪವನ್ನು ಊದಿ ಆರಿಸಬಾರದು, ಮುಚ್ಚಳ ಹಾಕಬೇಕು. ಜಡೆ, ದುಪ್ಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಚೀಟಿ ಇಲ್ಲದ ಶೀಷೆಯನ್ನು ಮುಟ್ಟಬಾರದು.

ರಕ್ತದ ಗುಂಪು ನೋಡುವಾಗ ಒಬ್ಬರಿಗೆ ಒಂದೇ ಹೊಸ ಸೂಜಿ, ಒಮ್ಮೆ ಚುಚ್ಚಿದ್ದು ಮತ್ತೆ ಯಾರಿಗೂ ಇಲ್ಲ. ಗಾಜಿನ ಮೇಲೆ ಮೂರು ಹನಿ ರಕ್ತ. ಒಂದಕ್ಕೆ ಎ ವಿರುದ್ಧದ ದ್ರವ, ಒಂದಕ್ಕೆ ಬಿ ವಿರುದ್ಧದ್ದು, ಮೂರನೆಯದಕ್ಕೆ ಡಿ ವಿರುದ್ಧದ್ದು. ಎಲ್ಲಿ ರಕ್ತ ಕಣಕಣವಾಗಿ ಗಂಟುಕಟ್ಟುತ್ತದೋ ಅದು ನಿಮ್ಮ ಗುಂಪು. ಎ, ಬಿ ಎರಡರಲ್ಲೂ ಕಟ್ಟದಿದ್ದರೆ ಓ. ಡಿಯಲ್ಲಿ ಕಟ್ಟಿದರೆ ಪಾಸಿಟಿವ್. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಪ್ರಕಟಿಸಿದ ಮೇಲೆ ತಿಳಿದ ವಿದ್ಯೆ ಇದು. ಆದರೆ ಮೂರು ಹನಿಯನ್ನೂ ಒಂದೇ ಕಡ್ಡಿಯಲ್ಲಿ ಕದಡಿದಿರೋ, ಎಲ್ಲ ಕಲಸುಮೇಲೋಗರ. ಲ್ಯಾಬಿನಲ್ಲಾದರೆ ಎರಡು ಅಂಕ ಹೋಗಬಹುದು. ಆಸ್ಪತ್ರೆಯಲ್ಲಿ ಅದೇ ಅಭ್ಯಾಸ ಮುಂದುವರಿದರೆ?

ಬಯಾಲಜಿ ಲ್ಯಾಬು ಎಂದರೆ ಕಪ್ಪೆ ಕೊಯ್ಯುವುದು ಎಂದು ಮೂಗು ಮುರಿಯುವ ಹಿರಿಯರೂ ಇದ್ದಾರೆ. 2014ರಲ್ಲಿ ಯುಜಿಸಿ ಪ್ರಾಣಿಗಳ ಛೇದನ ನಿಲ್ಲಿಸುವಂತೆ ಕಾಲೇಜುಗಳಿಗೆ ಸೂಚಿಸಿದೆ. ಮೇಲೆ ಹೇಳಿದ ಒಂದು ಪಾಠಕ್ಕೂ ಕಪ್ಪೆ ಬೇಕಾಗಿಲ್ಲ.

ಕೇಳುವವರು ಬೇಕು

ದುಡ್ಡಿಲ್ಲ ಎಂಬ ನೆಪವೂ ಪೂರ್ತಿ ಹೊಂದುವುದಿಲ್ಲ. ಈರುಳ್ಳಿ, ಆಲೂಗಡ್ಡೆ, ಗಂಜಿ, ಉಪ್ಪು ನಮ್ಮ ಅಂಗಡಿಗಳಲ್ಲೇ ಇವೆ. ಅಯೋಡಿನ್ ಮೆಡಿಕಲ್ ಸ್ಟೋರಿನಲ್ಲಿದೆ. ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಹೋದ ಮನು ಪ್ರಕಾಶ್ ಮತ್ತವರ ಸಂಗಡಿಗರು 2014ರಲ್ಲೇ ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಮೈಕ್ರೋಸ್ಕೋಪನ್ನು ಪ್ರಕಟಿಸಿದ್ದಾರೆ. ಅದರ ಬಿಡಿಭಾಗಗಳ ಖರ್ಚು ಒಂದು ಡಾಲರಿಗಿಂತ ಕಡಿಮೆ ಎಂದು ಅವರೇ ಲೆಕ್ಕ ಕೊಟ್ಟರು. ಜೇಬಿನಲ್ಲಿ ಇಟ್ಟುಕೊಂಡು ಹೋಗಬಹುದು, ಬೀರು ಬೇಡ, ಬೀಗ ಬೇಡ.

ತಂದೆತಾಯಂದಿರು ಮಾರ್ಕ್ಸ್ ಕಾರ್ಡು ನೋಡುವ ಮೊದಲು ಮಗನನ್ನೋ ಮಗಳನ್ನೋ ಕೇಳಲಿ: ಈ ವರ್ಷ ಎಷ್ಟು ಸಲ ನಿನ್ನ ಕೈಯಾರೆ ಮೈಕ್ರೋಸ್ಕೋಪು ಮುಟ್ಟಿದೆ? ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಕುರ್ಚಿ ಹಿಡಿದಿರುವ ಮುಖಂಡರು ಸುಣ್ಣಬಣ್ಣದ ಬಿಲ್ಲಿನ ಜೊತೆ ಲ್ಯಾಬಿನ ಲೆಕ್ಕವನ್ನೂ ಕೇಳಲಿ: ಮೈಕ್ರೋಸ್ಕೋಪು ಎಷ್ಟಿವೆ, ಎಷ್ಟು ನಡೆಯುತ್ತಿವೆ, ವಾರದಲ್ಲಿ ಯಾವ ದಿನ ಬೀಗ ತೆಗೆಯುತ್ತೀರಿ? ಅವರು ಕೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಸರ್ಕಾರಿ ಕಾಲೇಜಾದರೆ ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ, 30 ದಿನದೊಳಗೆ ಉತ್ತರ ಕೊಡಬೇಕು. ಒಂದು ಸಂಜೆಯ ಕಾಫಿ-ಬೋಂಡಾಕ್ಕಿಂತ ಕಡಿಮೆ ಖರ್ಚು.

ಪ್ರಾಕ್ಟಿಕಲ್ ಪರೀಕ್ಷೆಗೆ ಬರುವ ಪರೀಕ್ಷಕರಲ್ಲೂ ಒಂದು ಮನವಿ. ರೆಕಾರ್ಡಿನ ಬ್ರೌನ್ ಪೇಪರ್ ಎಷ್ಟು ನೀಟಾಗಿದೆ ಎಂದು ನೋಡಬೇಡಿ. ಹುಡುಗಿಯ ಕೈಗೆ ಒಂದು ಈರುಳ್ಳಿ ಕೊಡಿ, ಒಂದು ಗಾಜಿನ ಪಟ್ಟಿ ಕೊಡಿ. ಹತ್ತು ನಿಮಿಷ ಸುಮ್ಮನೆ ಪಕ್ಕದಲ್ಲಿ ನಿಲ್ಲಿ. ಅವಳಿಗೆ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಬರದಿದ್ದರೆ ಫೇಲಾದದ್ದು ಅವಳಲ್ಲ, ಬೀಗದ ಕೀ ಇಟ್ಟುಕೊಂಡವರು.

ಬೀರುವಿನ ಕೀ ಯಾರ ಬಳಿ ಇದೆ? ಸಂಬಂಧಪಟ್ಟವರು ಮಳೆಗಾಲ ಬಂದು ಮಸೂರಕ್ಕೆ ಬೂಷ್ಟು ಹಿಡಿಯುವ ಮೊದಲು ಹುಡುಕುವರೇ?